ಸಂಗೀತವೂ ಒಂದು ವ್ಯಸನವಾಗಬಲ್ಲದೆ?

ಕೆಲವು ವರ್ಷಗಳ ಹಿಂದಿನ ಮಾತು. ಆಷಾಢದ ಒಂದು ಸಂಜೆ ಡೊಂಬಿವಲಿ ಪೂರ್ವದ ನನ್ನ ದವಾಖಾನೆಗೆ ಉಡುಪಿಯ ಕಡೆಯ ಒಬ್ಬ ಗೃಹಿಣಿ ಬಂದಿದ್ದರು. ರಕ್ತದ ಒತ್ತಡವನ್ನು ನೋಡಿಸಿಕೊಂಡು, ಔಷಧದ ಚೀಟಿಯನ್ನು ಮಡಚಿ ಚೀಲದಲ್ಲಿ ಇರಿಸಿಕೊಂಡ ಮೇಲೂ ಅವರು ಕುರ್ಚಿಯಿಂದ ಏಳಲಿಲ್ಲ. ತುಸು ಹೊತ್ತು ಸುಮ್ಮನಿದ್ದು, "ಡಾಕ್ಟ್ರೇ, ಕುಡಿತದ ಹಾಗೆ ಸಂಗೀತವೂ ಮನುಷ್ಯನಿಗೆ ಚಟವಾಗಿ ಅಂಟಿಕೊಳ್ಳುವುದುಂಟೆ?" ಎಂದು ಕೇಳಿದರು. ಅವರ ಒಬ್ಬನೇ ಮಗ ನವಿಮುಂಬಯಿಯ ಐರೋಲಿಯ ಒಂದು ಕಚೇರಿಯಲ್ಲಿ ರಾತ್ರಿ ಪಾಳಿಯ ಉದ್ಯೋಗಿ. ಕಿವಿಗೆ ಸಿಕ್ಕಿಸಿದ ಇಯರ್‌ಫೋನನ್ನು ಅವನು ಊಟದ ಹೊತ್ತಿನಲ್ಲಿಯೂ ತೆಗೆಯುವುದಿಲ್ಲ, ನಿದ್ದೆಯಲ್ಲಿಯೂ ತೆಗೆಯುವುದಿಲ್ಲ. ಕರೆದರೆ ಓಗೊಡುವುದಿಲ್ಲ. ಒಮ್ಮೆ ತಾಯಿ ಅದನ್ನು ಬಚ್ಚಿಟ್ಟಾಗ, ಎಂದೂ ಎದುರಾಡದ ಹುಡುಗ ಬಾಗಿಲನ್ನು ಬಡಿದು ಹೊರಗೆ ಹೋಗಿದ್ದನಂತೆ.

ನಾನು ನಕ್ಕುಬಿಟ್ಟೆ. "ಸಂಗೀತದಿಂದ ಕೆಟ್ಟವರನ್ನು ನಾನು ಈವರೆಗೆ ಕಂಡಿಲ್ಲ ಅಮ್ಮಾ. ಸಿಗರೇಟು, ಗುಟ್ಕಾ ಹಿಡಿಯಲಿಲ್ಲವಲ್ಲ, ಅಷ್ಟಕ್ಕೆ ಸಮಾಧಾನಪಡಿ" ಎಂದು ಹೇಳಿ ಅವರನ್ನು ಕಳುಹಿಸಿದೆ. ಆ ಉತ್ತರದಲ್ಲಿ ಅರ್ಧ ಮಾತ್ರ ಸತ್ಯವಿತ್ತೆಂಬುದು ನನಗೆ ತಿಳಿಯಲು ಎಂಟು ತಿಂಗಳು ಬೇಕಾಯಿತು. ಆ ತಾಯಿಗೆ ಅಂದೇ ಕೊಡಬೇಕಾಗಿದ್ದ ಪೂರ್ಣ ಉತ್ತರವನ್ನು ಈ ಸಂಚಿಕೆಯ ವಾಚಕರೆದುರು ಇರಿಸುವುದು ಈ ಲೇಖನದ ಉದ್ದೇಶ. ತಾಯಿ ಮಗ ಇಬ್ಬರ ಒಪ್ಪಿಗೆಯನ್ನೂ ಪಡೆದಿದ್ದೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಒಂದು ಶಬ್ದ, ಎರಡು ಅರ್ಥ

ವಿಷಯವನ್ನು ಪ್ರವೇಶಿಸುವ ಮುನ್ನ ಶಬ್ದಗಳ ವಿಚಾರವನ್ನು ತುಸು ಮಾಡಬೇಕು. ಅಭಿರುಚಿ, ಹವ್ಯಾಸ, ಗೀಳು, ಹುಚ್ಚು, ಚಟ, ವ್ಯಸನ – ಇವುಗಳನ್ನು ನಾವು ಮಾತಿನಲ್ಲಿ ಒಂದರ ಬದಲಿಗೆ ಇನ್ನೊಂದನ್ನು ಬಳಸಿಬಿಡುತ್ತೇವೆ. ನಮ್ಮ ಕನ್ನಡದಲ್ಲಿ 'ಹವ್ಯಾಸ'ವೆಂದರೆ ಬಿಡುವಿನ ವೇಳೆಯ ಪ್ರೀತಿಯ ಕೆಲಸ. ಅದೇ ಶಬ್ದವನ್ನು ನೆರೆಮನೆಯ ಮರಾಠಿ ಬಂಧುವಿನ ಮುಂದೆ ಆಡಿದರೆ ಅವರು ಹುಬ್ಬೇರಿಸುತ್ತಾರೆ. ಅವರ ಭಾಷೆಯಲ್ಲಿ ಅದು ತೃಪ್ತಿಯೇ ಇಲ್ಲದ ಅತಿಯಾಸೆ. ನಾವು ಹವ್ಯಾಸವೆನ್ನುವುದಕ್ಕೆ ಅವರು 'ಛಂದ'ವೆನ್ನುತ್ತಾರೆ. ಥಾಣೆ, ಕಲ್ಯಾಣ್‌ಗಳಲ್ಲಿ ಎರಡು ಭಾಷೆಗಳ ನಡುವೆ ಬದುಕುವ ನಮಗೆ, ಪ್ರೀತಿಗೂ ಅತಿಯಾಸೆಗೂ ನಡುವಣ ಗೆರೆ ಎಷ್ಟು ತೆಳುವಾದದ್ದು ಎಂಬುದನ್ನು ಈ ಒಂದು ಶಬ್ದವೇ ತೋರಿಸಿಕೊಡುತ್ತದೆ.

ಸಂಗೀತವನ್ನು ವ್ಯಸನಗಳ ಸಾಲಿನಲ್ಲಿ ಕೂರಿಸುವ ಯೋಚನೆ ಇಂದು ನಿನ್ನೆಯದಲ್ಲ. ರಾಜನಾದವನು ದೂರವಿಡಬೇಕಾದ ಕಾಮಜನ್ಯ ವ್ಯಸನಗಳನ್ನು ಎಣಿಸುವಾಗ ಮನುಸ್ಮೃತಿಯ ಏಳನೆಯ ಅಧ್ಯಾಯವು ಹತ್ತನ್ನು ಹೆಸರಿಸುತ್ತದೆ. ಬೇಟೆ, ಜೂಜು, ಹಗಲುನಿದ್ದೆ, ಮದ್ಯ ಮುಂತಾದವುಗಳ ಜೊತೆಗೆ 'ತೌರ್ಯತ್ರಿಕ'ವೂ, ಅಂದರೆ ಗೀತ, ನೃತ್ಯ, ವಾದ್ಯಗಳೆಂಬ ಮೂರೂ ಅಲ್ಲಿ ಸೇರಿವೆ. ಆದರೆ ಕೌಟಿಲ್ಯನ ಅರ್ಥಶಾಸ್ತ್ರ ಕಾಮಜನ್ಯ ವ್ಯಸನಗಳನ್ನು ಬೇಟೆ, ಜೂಜು, ಸ್ತ್ರೀ, ಮದ್ಯ ಎಂದು ನಾಲ್ಕಕ್ಕೆ ಇಳಿಸುತ್ತದೆ. ಸಂಗೀತ ಅಲ್ಲಿ ಇಲ್ಲ. ಜೈನರ ಸಪ್ತವ್ಯಸನಗಳಲ್ಲಿಯೂ ಇಲ್ಲ. ಸಂಗೀತವು ವ್ಯಸನವೋ ಅಲ್ಲವೋ ಎಂಬಲ್ಲಿ ನಮ್ಮ ಪ್ರಾಚೀನರಲ್ಲಿಯೇ ಏಕಮತವಿರಲಿಲ್ಲವೆಂಬುದು ಇದರಿಂದ ವೇದ್ಯವಾಗುತ್ತದೆ.

ಇನ್ನೊಂದು ಸಂಗತಿಯನ್ನು ವಾಚಕರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. 'ವ್ಯಸನ'ಕ್ಕೆ ದುರಭ್ಯಾಸವೆಂಬ ಅರ್ಥವಿರುವಂತೆಯೇ ದುಃಖವೆಂಬ ಅರ್ಥವೂ ಇದೆ. ಸಾವು ನಡೆದ ಮನೆಗೆ ಹೋದಾಗ "ವ್ಯಸನಪಡಬೇಡಿ" ಎಂದು ಹಿರಿಯರು ಸಂತೈಸುತ್ತಿದ್ದುದನ್ನು ನಾವೆಲ್ಲ ಕೇಳಿದ್ದೇವೆ. ಒಂದೇ ಶಬ್ದಕ್ಕೆ ಈ ಎರಡು ಅರ್ಥಗಳೂ ಏಕಿವೆಯೆಂಬುದು ಲೇಖನದ ಕೊನೆಯ ವೇಳೆಗೆ ಸ್ಪಷ್ಟವಾದೀತು.

ಮೆದುಳಿನಲ್ಲಿ ನಡೆಯುವುದೇನು?

1954ರಲ್ಲಿ ಕೆನಡಾ ದೇಶದ ಮಾಂಟ್ರಿಯಲ್ ನಗರದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಎಂಬ ಇಬ್ಬರು ವಿಜ್ಞಾನಿಗಳು ಇಲಿಗಳ ಮೇಲೆ ನಡೆಸಿದ ಒಂದು ಪ್ರಯೋಗ ಪ್ರಸಿದ್ಧವಾಗಿದೆ. ಇಲಿಯ ಮೆದುಳಿನ ಒಂದು ನಿರ್ದಿಷ್ಟ ಭಾಗಕ್ಕೆ ಸೂಕ್ಷ್ಮವಾದ ತಂತಿಯನ್ನು ಅಳವಡಿಸಿ, ಸನ್ನೆಕೋಲನ್ನು ಒತ್ತಿದರೆ ಅಲ್ಲಿಗೆ ಕಿಂಚಿತ್ ವಿದ್ಯುತ್ತು ಹರಿಯುವಂತೆ ಮಾಡಿದಾಗ, ಇಲಿ ಆ ಸನ್ನೆಕೋಲನ್ನು ಮತ್ತೆ ಮತ್ತೆ ಒತ್ತತೊಡಗಿತು. ಸುಖವನ್ನು ಗುರುತಿಸಿ 'ಇದು ಮತ್ತೆ ಬೇಕು' ಎಂದು ಜೀವಿಯನ್ನು ಪ್ರೇರೇಪಿಸುವ ನರಮಾರ್ಗವೊಂದು ಮೆದುಳಿನಲ್ಲಿ ಇದೆಯೆಂಬ ತಿಳಿವಳಿಕೆಗೆ ಇದು ಬುನಾದಿಯಾಯಿತು. ಈ ಮಾರ್ಗದಲ್ಲಿ ಸಂದೇಶವನ್ನು ಒಯ್ಯುವ ಮುಖ್ಯ ರಾಸಾಯನಿಕ ವಸ್ತುವೇ ಡೋಪಮೀನ್. ಮದ್ಯ, ನಿಕೋಟಿನ್, ಅಫೀಮು, ಕೊಕೇನ್ ಇವೆಲ್ಲವೂ ಒಂದಲ್ಲ ಒಂದು ಬಗೆಯಿಂದ ಈ ಮಾರ್ಗವನ್ನೇ ಕಲಕುತ್ತವೆ.

ಅದೇ ವಿಶ್ವವಿದ್ಯಾಲಯದಲ್ಲಿ 2001ರಲ್ಲಿ ಆನ್ ಬ್ಲಡ್ ಮತ್ತು ರಾಬರ್ಟ್ ಜಟೋರ್ ಎಂಬವರು, ತಮಗೆ ರೋಮಾಂಚನವನ್ನು ಉಂಟುಮಾಡುವ ಸಂಗೀತವನ್ನು ಕೇಳುತ್ತಿದ್ದವರ ಮೆದುಳಿನ ರಕ್ತಸಂಚಾರವನ್ನು ಯಂತ್ರದ ಮೂಲಕ ಪರೀಕ್ಷಿಸಿದರು. ಮೈ ನವಿರೇಳುವ ಹೊತ್ತಿಗೆ ಇದೇ ಸುಖಮಾರ್ಗದ ಭಾಗಗಳು ಚುರುಕಾಗುತ್ತಿದ್ದುದು ಕಂಡುಬಂತು. 2011ರಲ್ಲಿ ವಲೋರಿ ಸಲೀಂಪೂರ್ ಮತ್ತು ಸಂಗಡಿಗರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸಂಗೀತವನ್ನು ಕೇಳುವಾಗ ಅಲ್ಲಿ ಡೋಪಮೀನ್ ಬಿಡುಗಡೆಯಾಗುತ್ತದೆಂದು ತೋರಿಸಿಕೊಟ್ಟರು. ಅವರ ಶೋಧನೆಯ ಸ್ವಾರಸ್ಯ ಬೇರೊಂದಿದೆ. ರಸಘಟ್ಟ ಬಂದಾಗ ಮಾತ್ರವಲ್ಲದೆ, ಅದು ಇನ್ನೇನು ಬರಲಿದೆಯೆಂದು ಕಾಯುವಾಗಲೂ ಡೋಪಮೀನ್ ಸ್ರವಿಸುತ್ತದೆ. ಕಾಯುವಾಗ ಒಂದು ಭಾಗದಲ್ಲಿ, ದೊರೆತಾಗ ಇನ್ನೊಂದು ಭಾಗದಲ್ಲಿ. ಖಯಾಲಿನ ಬೈಠಕ್ಕಿನಲ್ಲಿ ಕುಳಿತವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಗಾಯಕನು ತಾನುಗಳನ್ನು ಹೆಣೆಯುತ್ತ 'ಸಮ್'ನ ಕಡೆಗೆ ಬರುತ್ತಿರುವಾಗ ಶ್ರೋತೃವಿನ ತಲೆ ಮೊದಲೇ ತೂಗತೊಡಗುತ್ತದೆ. 'ಸಮ್' ಬಿದ್ದೊಡನೆ ಸಭೆಯಿಂದ ಉದ್ಗಾರ ಹೊರಡುತ್ತದೆ. 2019ರ ಇನ್ನೊಂದು ಅಧ್ಯಯನದಲ್ಲಿ, ಡೋಪಮೀನನ್ನು ಹೆಚ್ಚಿಸುವ ಔಷಧವನ್ನು ಕೊಟ್ಟಾಗ ಸಂಗೀತದ ಸುಖ ಹೆಚ್ಚಿತು, ಅದನ್ನು ತಡೆಯುವ ಔಷಧವನ್ನು ಕೊಟ್ಟಾಗ ತಗ್ಗಿತು.

2014ರಲ್ಲಿ ಹಾಲೆಂಡಿನ ವೈದ್ಯರು ಪ್ರಕಟಿಸಿದ ಪ್ರಸಂಗವಂತೂ ಕಥೆಯಂತೆಯೇ ಇದೆ. ದಶಕಗಳ ಕಾಲ ಗೀಳುರೋಗದಿಂದ ಬಳಲುತ್ತಿದ್ದ ಒಬ್ಬ ರೋಗಿಯ ಮೆದುಳಿನ ಈ ಸುಖಕೇಂದ್ರಕ್ಕೆ ವಿದ್ಯುತ್ ತಂತಿಯನ್ನು ಅಳವಡಿಸಿ ಚಿಕಿತ್ಸೆ ನಡೆಸಲಾಯಿತು. ರೋಗವು ತಗ್ಗಿತು. ಆದರೆ ಅದುವರೆಗೆ ಜಾನಿ ಕ್ಯಾಶ್ ಎಂಬ ಅಮೆರಿಕದ ಗಾಯಕನ ಬಗ್ಗೆ ವಿಶೇಷ ಆಸಕ್ತಿಯೇನೂ ಇಲ್ಲದಿದ್ದ ಆತನಿಗೆ ಆ ಗಾಯಕನ ಹಾಡಲ್ಲದೆ ಬೇರೇನೂ ರುಚಿಸದಂತಾಯಿತು. ಯಂತ್ರದ ಬ್ಯಾಟರಿ ಮುಗಿದಾಗ ಆ ಒಲವೂ ಮಾಯವಾಗಿ ಹಳೆಯ ಅಭಿರುಚಿಯೇ ಮರಳುತ್ತಿತ್ತು. ಸಂಗೀತದ ಸೆಳೆತವು ಎಷ್ಟರಮಟ್ಟಿಗೆ ದೇಹಧರ್ಮವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಮಾರ್ಗ ಒಂದೇ, ಗಾಡಿ ಬೇರೆ

ಇಷ್ಟನ್ನು ಓದಿದವರು, "ಹಾಗಾದರೆ ಮದ್ಯವೂ ಸಂಗೀತವೂ ಒಂದೇ ಆಯಿತಲ್ಲ!" ಎಂದಾರು. ಪತ್ರಿಕೆಗಳಲ್ಲಿ ಆಗಾಗ ಕಾಣುವ 'ಸಂಗೀತವೂ ಮಾದಕ ದ್ರವ್ಯವೇ' ಎಂಬ ತಲೆಬರಹದ ಮೂಲ ಇದೇ ಅವಸರದ ತೀರ್ಮಾನ. ಮುಂಬಯಿಯಿಂದ ಹೊರಟ ಕಸಾರಾ ಗಾಡಿಯೂ ಕರ್ಜತ್ ಗಾಡಿಯೂ ಕಲ್ಯಾಣ್‌ವರೆಗೆ ಒಂದೇ ಮಾರ್ಗದಲ್ಲಿ ಓಡುತ್ತವೆ. ಹಳಿ ಒಂದೇ ಎಂದ ಮಾತ್ರಕ್ಕೆ ಎರಡೂ ಒಂದೇ ಊರನ್ನು ಸೇರುತ್ತವೆಯೆಂದು ಯಾರೂ ನಂಬುವುದಿಲ್ಲ. ಹಸಿದವನಿಗೆ ಅನ್ನ, ಬಾಯಾರಿದವನಿಗೆ ನೀರು, ಅಜ್ಜಿಗೆ ಮೊಮ್ಮಗುವಿನ ನಗು – ಇವೂ ಇದೇ ಸುಖಮಾರ್ಗದ ಪ್ರಯಾಣಿಕರೇ.

ಮಾದಕ ವಸ್ತುಗಳು ರಕ್ತದ ಮೂಲಕ ನೇರವಾಗಿ ನರಕೋಶಗಳನ್ನು ಮುಟ್ಟಿ ಅಲ್ಲಿನ ರಾಸಾಯನಿಕ ವ್ಯವಸ್ಥೆಯನ್ನೇ ಕೆಡಿಸುತ್ತವೆ. ಕಾಲಕ್ರಮೇಣ ಮೆದುಳು ಅದಕ್ಕೆ ಒಗ್ಗಿಹೋಗಿ, ಮೊದಲಿನ ಸುಖಕ್ಕೆ ಹೆಚ್ಚು ಹೆಚ್ಚು ಪ್ರಮಾಣವನ್ನು ಬೇಡುತ್ತದೆ. ದೀರ್ಘಕಾಲ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಗುತ್ತದೆ, ಬೆವರು ಕಿತ್ತುಬರುತ್ತದೆ, ಅಪಸ್ಮಾರದಂಥ ಸೆಳವೂ ಬರಬಹುದು, ಪ್ರಾಣವೂ ಹೋಗಬಹುದು. ಸಂಗೀತವನ್ನು ನಿಲ್ಲಿಸಿದುದರಿಂದ ಇಂಥ ಸ್ಥಿತಿ ಯಾರಿಗೂ ಬರುವುದಿಲ್ಲ. ಒಂದೇ ಹಾಡನ್ನು ನೂರು ಸಲ ಕೇಳಿದರೆ ಅದು ಸಪ್ಪೆಯಾಗುತ್ತದೆ. ಆಗ ನಾವು ಪ್ರಮಾಣವನ್ನು ಹೆಚ್ಚಿಸದೆ ಹಾಡನ್ನೇ ಬದಲಿಸುತ್ತೇವೆ.

ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಅಂತಾರಾಷ್ಟ್ರೀಯ ವರ್ಗೀಕರಣದ ಹನ್ನೊಂದನೆಯ ಆವೃತ್ತಿ 2022ರ ಜನವರಿಯಿಂದ ಜಾರಿಗೆ ಬಂದಿದೆ. ವಸ್ತುಸೇವನೆ ಇಲ್ಲದೆಯೂ ಕೇವಲ ವರ್ತನೆಯಿಂದ ಉಂಟಾಗುವ ವ್ಯಸನಗಳಲ್ಲಿ ಅದು ಹೆಸರಿಸುವುದು ಜೂಜು ಮತ್ತು ವಿಡಿಯೋ ಆಟ ಎರಡನ್ನು. ಅಮೆರಿಕದ ಮನೋವೈದ್ಯರು 2013ರಲ್ಲಿ ಪ್ರಕಟಿಸಿದ ಕೈಪಿಡಿಯೂ ಜೂಜನ್ನು ವ್ಯಸನವೆಂದು ಒಪ್ಪಿದೆ. ಸಂಗೀತದ ಹೆಸರು ಎರಡರಲ್ಲಿಯೂ ಇಲ್ಲ. 2007ರಲ್ಲಿ ಸ್ವೀಡನ್ ದೇಶದಲ್ಲಿ, ಅಬ್ಬರದ ರಾಕ್ ಸಂಗೀತದ ಗೋಷ್ಠಿಗಳಿಗೆ ಅಲೆದು ನೌಕರಿಯನ್ನು ಕಳೆದುಕೊಂಡ ಒಬ್ಬ ವ್ಯಕ್ತಿಗೆ ಅವನ ಗೀಳನ್ನೇ ಅಸಾಮರ್ಥ್ಯವೆಂದು ಪರಿಗಣಿಸಿ ನೆರವು ಕೊಟ್ಟ ಸುದ್ದಿ ಜಗತ್ತಿನಾದ್ಯಂತ ಪ್ರಕಟವಾಗಿತ್ತು. ಅದು ಒಬ್ಬ ವ್ಯಕ್ತಿಯ ವಿಷಯದಲ್ಲಿ ಕೈಗೊಂಡ ಆಡಳಿತದ ನಿರ್ಣಯ. ಅದರಿಂದ ವೈದ್ಯಶಾಸ್ತ್ರಕ್ಕೆ ಹೊಸ ರೋಗವೊಂದು ಸೇರ್ಪಡೆಯಾಗಲಿಲ್ಲ.

ಗದಗಿನ ಹುಡುಗ, ಲೋಕಲ್ ಗಾಡಿಯ ಭಜನೆ

ರೋಗದ ಪಟ್ಟಿಯಲ್ಲಿ ಇಲ್ಲವೆಂದ ಮಾತ್ರಕ್ಕೆ ವಿಚಾರ ಮುಗಿಯುವುದಿಲ್ಲ. ವರ್ತನೆಯ ವ್ಯಸನವನ್ನು ಗುರುತಿಸಲು ವೈದ್ಯರು ಮುಖ್ಯವಾಗಿ ಮೂರು ಪ್ರಶ್ನೆಗಳನ್ನು ಕೇಳುತ್ತಾರೆ. ನಿಲ್ಲಿಸಬೇಕೆಂದಾಗ ನಿಲ್ಲಿಸಲು ಸಾಧ್ಯವೆ? ಊಟ, ನಿದ್ದೆ, ಉದ್ಯೋಗ, ಆಪ್ತರು ಇವೆಲ್ಲಕ್ಕಿಂತ ಅದೇ ಮುಂದಾಗಿದೆಯೆ? ಹಾನಿಯಾಗುತ್ತಿದೆಯೆಂದು ಕಂಡ ಮೇಲೂ ಮುಂದುವರಿಯುತ್ತಿದೆಯೆ? ಈ ಸ್ಥಿತಿ ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಇದ್ದರೆ ಮಾತ್ರ ವ್ಯಸನವೆಂಬ ನಿರ್ಣಯಕ್ಕೆ ಬರುತ್ತಾರೆ.

ಈ ಪ್ರಶ್ನೆಗಳನ್ನು ನಮ್ಮ ನಾಡಿನ ಒಬ್ಬ ಹುಡುಗನಿಗೆ ಅನ್ವಯಿಸಿ ನೋಡೋಣ. ಗದಗಿನಲ್ಲಿ ಬಾಲ್ಯವನ್ನು ಕಳೆದ ಅವನು, ಬೀದಿಯಲ್ಲಿ ಭಜನೆಯ ಮೇಳವೋ ವಾದ್ಯದ ಮೆರವಣಿಗೆಯೋ ಹೋದರೆ ಅದರ ಹಿಂದೆಯೇ ನಡೆದುಬಿಡುತ್ತಿದ್ದ. ದಣಿದಾಗ ಇದ್ದಲ್ಲಿಯೇ ಮಲಗಿಬಿಡುತ್ತಿದ್ದ. ಹುಡುಕಿ ಹುಡುಕಿ ಸೋತ ಶಿಕ್ಷಕ ತಂದೆ ಅವನ ಅಂಗಿಯ ಮೇಲೆ 'ಜೋಶಿ ಮಾಸ್ತರರ ಮಗ' ಎಂದು ಬರೆಸಿದರೆಂಬ ಕಥೆ ಪ್ರಸಿದ್ಧವಾಗಿದೆ. ಅಬ್ದುಲ್ ಕರೀಂ ಖಾನರ ಗ್ರಾಮಾಫೋನ್ ತಟ್ಟೆಯನ್ನು ಕೇಳಿ ಮರುಳಾದ ಆ ಹುಡುಗ 1933ರಲ್ಲಿ, ತನ್ನ ಹನ್ನೊಂದನೆಯ ವಯಸ್ಸಿನಲ್ಲಿ, ಗುರುವನ್ನು ಅರಸುತ್ತ ಮನೆ ಬಿಟ್ಟು ಹೋದ. ಶಾಲೆ, ಊಟ, ತಂದೆತಾಯಿ ಎಲ್ಲವೂ ಹಿಂದೆ ಉಳಿದವು. ಗ್ವಾಲಿಯರ್, ಜಲಂಧರಗಳವರೆಗೆ ಅಲೆದು ಕೊನೆಗೆ ತನ್ನ ಊರಿನ ಸಮೀಪದ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಶಿಷ್ಯನಾದ. ಆ ಹುಡುಗನೇ 2008ರಲ್ಲಿ 'ಭಾರತರತ್ನ'ಕ್ಕೆ ಆಯ್ಕೆಯಾದ ಪಂಡಿತ ಭೀಮಸೇನ ಜೋಶಿ.

1933ರಲ್ಲಿ ಗದಗಿನ ಒಬ್ಬ ವೈದ್ಯನು ಮೇಲಿನ ಮೂರು ಪ್ರಶ್ನೆಗಳನ್ನು ಕೇಳಿದ್ದರೆ, ಮೂರಕ್ಕೂ ಚಿಂತೆಗೀಡುಮಾಡುವ ಉತ್ತರವೇ ದೊರೆಯುತ್ತಿತ್ತು. ಮನೆ ಬಿಟ್ಟ ಹುಡುಗರೆಲ್ಲ ಭೀಮಸೇನರಾಗಲಿಲ್ಲವೆಂಬುದನ್ನೂ ಮರೆಯಬಾರದು. ಆದರೂ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಆ ಗೀಳು ಗುರುವನ್ನು ಹುಡುಕಿತು, ಶಿಸ್ತಿಗೆ ತಲೆಬಾಗಿತು, ಹುಡುಗನನ್ನು ಜನರ ನಡುವೆ ಕರೆದೊಯ್ದಿತು. ವ್ಯಸನವಾದರೋ ದಿನದಿಂದ ದಿನಕ್ಕೆ ಬದುಕಿನ ಬಾಗಿಲುಗಳನ್ನು ಒಂದೊಂದಾಗಿ ಮುಚ್ಚುತ್ತ ಹೋಗುತ್ತದೆ.

ಇನ್ನೊಂದು ನಿದರ್ಶನ ನಮ್ಮ ನಿತ್ಯದ ಪ್ರಯಾಣದಲ್ಲಿಯೇ ಇದೆ. ಬೆಳಗಿನ ಲೋಕಲ್ ಗಾಡಿಯ ಡಬ್ಬಿಯಲ್ಲಿ ತಾಳ, ಢೋಲಕಿಗಳೊಡನೆ ಭಜನೆ ಮಾಡುವ ಮಂಡಳಿಗಳನ್ನು ಯಾರು ಕಂಡಿಲ್ಲ? ಅದೇ ಗಾಡಿ, ಅದೇ ಡಬ್ಬಿ, ಅದೇ ಭಜನೆ. ವರ್ಷಗಟ್ಟಲೆ ಒಂದು ದಿನವೂ ತಪ್ಪದ ನಿಷ್ಠೆ. ಆದರೆ ಇಳಿಯುವ ನಿಲ್ದಾಣ ಬಂದೊಡನೆ ಅವರು ತಾಳವನ್ನು ಚೀಲಕ್ಕೆ ಹಾಕಿ ಇಳಿದು ಕೆಲಸಕ್ಕೆ ಹೋಗುತ್ತಾರೆ. ಅಭಿರುಚಿಗೂ ವ್ಯಸನಕ್ಕೂ ಇರುವ ಭೇದವನ್ನು ಅಳೆಯಲು ಇದಕ್ಕಿಂತ ಸುಲಭವಾದ ಅಳತೆಗೋಲು ನನಗೆ ತಿಳಿಯದು: ನಿಲ್ದಾಣ ಬಂದಾಗ ಇಳಿಯಲು ಸಾಧ್ಯವೆ?

ಎಂಟು ತಿಂಗಳ ಅನಂತರ

ಹಾಗಾದರೆ ಅಂದು ನಾನಿತ್ತ ಉತ್ತರದಲ್ಲಿ ತಪ್ಪೇನಿತ್ತು? ಎಂಟು ತಿಂಗಳ ಮೇಲೆ ಆ ಹುಡುಗನೇ ದವಾಖಾನೆಗೆ ಬಂದ. ಎರಡೂ ಕಿವಿಗಳಲ್ಲಿ ಜೀರುಂಡೆ ಕೂಗಿದಂತೆ ನಿರಂತರವಾದ ಸದ್ದು, ನಿದ್ದೆ ಇಲ್ಲ, ಕೆಲಸದಲ್ಲಿ ತಪ್ಪುಗಳಾಗಿ ಮೇಲಧಿಕಾರಿಯಿಂದ ಎಚ್ಚರಿಕೆಯ ಪತ್ರ ಬಂದಿತ್ತು. "ಈಗ ಒಳಗೆ ಬರುವ ಮೊದಲು ಯಾವ ಹಾಡು ಕೇಳುತ್ತಿದ್ದೆ?" ಎಂದು ಸಹಜವಾಗಿ ಕೇಳಿದೆ. ಅವನು ಬಹಳ ಹೊತ್ತು ಯೋಚಿಸಿ, "ನೆನಪಿಲ್ಲ ಡಾಕ್ಟ್ರೇ. ಯಾವುದಾದರೂ ಆದೀತು. ಸದ್ದು ನಿಲ್ಲಬಾರದು, ಅಷ್ಟೇ" ಎಂದ.

ಈ ಮಾತಿನಿಂದ ನನ್ನ ಕಣ್ಣು ತೆರೆಯಿತು. ಸಂಗೀತದ ವ್ಯಸನಿಯೆಂದು ತಾಯಿ ಹೇಳಿದ ಹುಡುಗ ಸಂಗೀತವನ್ನೇ ಕೇಳುತ್ತಿರಲಿಲ್ಲ, ನಿಶ್ಶಬ್ದವನ್ನು ದೂರವಿರಿಸುತ್ತಿದ್ದ. ಮೆಲ್ಲನೆ ಕೇಳಿದಾಗ ಸಂಗತಿ ಹೊರಬಂತು. ಹಿಂದಿನ ವರ್ಷ ಅವನ ತಂದೆ ತೀರಿಕೊಂಡಿದ್ದರು. ಕೊನೆಯ ನಾಲ್ಕು ತಿಂಗಳು ರಾತ್ರಿಯೆಲ್ಲ ಎಚ್ಚರವಿದ್ದು ಆರೈಕೆ ಮಾಡಿದವನು ಅವನೇ. ಅವರು ಹೋದ ಮೇಲೆ ಮನೆ ಶಾಂತವಾದಾಗಲೆಲ್ಲ ಒಳಕೋಣೆಯಿಂದ ತಂದೆ ಕೆಮ್ಮಿದಂತೆ, ತನ್ನನ್ನು ಕರೆದಂತೆ ಭಾಸವಾಗಿ ಬೆಚ್ಚಿ ಏಳುತ್ತಿದ್ದ. ಕಿವಿಯಲ್ಲಿ ಸದ್ದಿದ್ದರೆ ಆ ಕರೆ ಕೇಳುತ್ತಿರಲಿಲ್ಲ. ರಾತ್ರಿ ಪಾಳಿಯನ್ನು ಕೇಳಿ ಪಡೆದುಕೊಂಡದ್ದೂ ಅದಕ್ಕಾಗಿಯೇ.

ತಾಯಿ ನನ್ನ ಬಳಿಗೆ ಬಂದದ್ದು ಒಂದು ವ್ಯಸನದ ವಿಚಾರವನ್ನು ಕೇಳಲು. ಆ ಮನೆಯಲ್ಲಿ ಇದ್ದದ್ದು ಆ ಶಬ್ದದ ಇನ್ನೊಂದು ಅರ್ಥ. ಅವರ ಪತಿಯ ಮರಣ ನನಗೆ ಗೊತ್ತಿತ್ತು. ರಕ್ತದ ಒತ್ತಡ ಏರಲು ಅದೇ ಕಾರಣವೆಂದು ಚೀಟಿಯಲ್ಲಿ ಬರೆದವನೂ ನಾನೇ. ಆದರೂ ಮಗನ ಕಿವಿಯ ಇಯರ್‌ಫೋನಿಗೂ ಆ ಸಾವಿಗೂ ಸಂಬಂಧವಿರಬಹುದೆಂದು ನನಗೆ ಹೊಳೆಯಲಿಲ್ಲ. ನಗುವುದಕ್ಕೆ ಬದಲಾಗಿ ಒಂದೇ ಒಂದು ಪ್ರಶ್ನೆಯನ್ನು ಕೇಳಿದ್ದರೆ ಎಂಟು ತಿಂಗಳು ಉಳಿಯುತ್ತಿತ್ತು.

ಸಂಗೀತದ ಅತಿಸೇವನೆ ಕಂಡಲ್ಲಿ ಅದು ರೋಗವಾಗಿರದೆ ರೋಗದ ಲಕ್ಷಣವಾಗಿರುವ ಸಂಭವವೇ ಹೆಚ್ಚು. ದುಃಖ, ಖಿನ್ನತೆ, ಆತಂಕ, ಒಂಟಿತನ ಇವು ಅದರ ಹಿಂದೆ ಅಡಗಿರಬಹುದು. ವೃದ್ಧರಲ್ಲಿಯಾದರೆ ಇನ್ನೊಂದು ಎಚ್ಚರ ಬೇಕು. ಅದುವರೆಗೆ ಸಂಗೀತದ ಗಂಧವಿಲ್ಲದವರು ಒಮ್ಮೆಲೇ ಒಂದು ಬಗೆಯ ಹಾಡಿಗೆ ವಿಪರೀತವಾಗಿ ಅಂಟಿಕೊಂಡು, ಜೊತೆಗೆ ಮಾತು, ನಡತೆಗಳೂ ಬದಲಾದರೆ, ಮೆದುಳಿನ ಮುಂಭಾಗ ಹಾಗೂ ಪಕ್ಕದ ಭಾಗಗಳನ್ನು ಕ್ಷಯಿಸುವ ಒಂದು ಬಗೆಯ ಮರೆವುರೋಗದ ಸಂಶಯವನ್ನು ಪಡಬೇಕು. 2001ರಲ್ಲಿ ಅಮೆರಿಕದ ವೈದ್ಯರು ಇಂಥ ಪ್ರಸಂಗವನ್ನು ವರದಿ ಮಾಡಿದ್ದಾರೆ. ಪಾರ್ಕಿನ್ಸನ್ ರೋಗಕ್ಕೆ ಕೊಡುವ ಕೆಲವು ಔಷಧಗಳಿಂದ ಜೂಜು, ಖರೀದಿ, ಅಪರೂಪಕ್ಕೆ ಹಾಡುವಿಕೆಯೂ ತಡೆಯಲಾರದ ಗೀಳಾಗುವುದುಂಟು. ಆಗ ಔಷಧವನ್ನು ತಾವಾಗಿಯೇ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು.

ಮರಳಿ ಬಾರದ ಕಿವಿ

ಮನಸ್ಸಿನ ನೋವು ಮಾಗೀತು. ಕಿವಿಯ ಹಾನಿ ಮಾತ್ರ ಹಾಗಲ್ಲ. ನಮ್ಮ ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಒಂದು ಅಂಗವಿದೆ. ಅದರೊಳಗೆ, ಒಂದೊಂದು ಕಿವಿಗೆ ಸುಮಾರು 15,000ದಂತೆ, ಅತಿಸೂಕ್ಷ್ಮ ರೋಮಗಳುಳ್ಳ ಜೀವಕೋಶಗಳಿವೆ. ಶಬ್ದದ ಅಲೆಗಳನ್ನು ನರಗಳ ಸಂದೇಶವಾಗಿ ಮಾರ್ಪಡಿಸುವವು ಅವೇ. ಬಿರುಗಾಳಿಗೆ ಪೈರು ಮಲಗುವಂತೆ ಅತಿಯಾದ ಶಬ್ದಕ್ಕೆ ಈ ರೋಮಗಳು ಬಾಗುತ್ತವೆ. ಮತ್ತೆ ಮತ್ತೆ ಹಾಗಾದರೆ ಕೋಶವೇ ಸಾಯುತ್ತದೆ. ಮನುಷ್ಯನಲ್ಲಿ ಸತ್ತ ಕೋಶದ ಸ್ಥಾನದಲ್ಲಿ ಹೊಸದು ಹುಟ್ಟುವುದಿಲ್ಲ.

ಶಬ್ದದ ತೀವ್ರತೆಯನ್ನು ಡೆಸಿಬೆಲ್‌ಗಳಲ್ಲಿ ಅಳೆಯುತ್ತಾರೆ. ಪ್ರತಿ 10 ಡೆಸಿಬೆಲ್ ಏರಿಕೆಗೆ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರು 80 ಡೆಸಿಬೆಲ್ ಶಬ್ದವನ್ನು ವಾರಕ್ಕೆ 40 ಗಂಟೆಗಳ ಕಾಲ ಕೇಳಬಹುದು. ಅದು 90 ಆದರೆ ವಾರಕ್ಕೆ 4 ಗಂಟೆ. 100 ಆದರೆ ಬರಿಯ 20 ನಿಮಿಷ. ಈಗ ನಮ್ಮ ಲೆಕ್ಕವನ್ನು ಮಾಡೋಣ. ಡೊಂಬಿವಲಿಯಿಂದ ಮುಂಬಯಿಗೆ ಒಂದು ಕಡೆಗೆ ಒಂದೂಕಾಲು ಗಂಟೆಯಂತೆ, ವಾರದಲ್ಲಿ ಆರು ದಿನ ಹೋಗಿಬರುವವನು ಗಾಡಿಯಲ್ಲಿ ಕಳೆಯುವ ಕಾಲ 15 ಗಂಟೆ. ಗಾಡಿಯ ಗದ್ದಲವನ್ನು ಮೀರಿಸಲು ಅವನು ಸದ್ದನ್ನು 90ಕ್ಕೆ ಏರಿಸಿದರೆ, ಮಿತಿಯ ಸುಮಾರು ನಾಲ್ಕು ಪಟ್ಟನ್ನು ಕಿವಿಗೆ ತುಂಬುತ್ತಾನೆ. ನವರಾತ್ರಿ, ಗಣೇಶೋತ್ಸವ, ದಹಿಹಂಡಿಗಳ ಧ್ವನಿವರ್ಧಕಗಳ ಪಾಲು ಇದರ ಮೇಲಿನದು. ಜಗತ್ತಿನಲ್ಲಿ ನೂರು ಕೋಟಿಗೂ ಮಿಕ್ಕಿದ ತರುಣರ ಶ್ರವಣಶಕ್ತಿ ಇಂಥ ಅಭ್ಯಾಸಗಳಿಂದ ಅಪಾಯದಲ್ಲಿದೆಯೆಂದು ಆ ಸಂಸ್ಥೆ 2022ರಲ್ಲಿ ಎಚ್ಚರಿಸಿದೆ.

ಈ ಹಾನಿ ಮೊದಲು ತಾಕುವುದು ಎತ್ತರದ ಧ್ವನಿಗಳನ್ನು, ವಿಶೇಷವಾಗಿ 4,000 ಹರ್ಟ್ಸ್‌ಗಳ ಆಸುಪಾಸನ್ನು. ಮಾತು ಬಹಳ ಕಾಲದವರೆಗೆ ಕೇಳುತ್ತಲೇ ಇರುವುದರಿಂದ ನಷ್ಟ ಗೊತ್ತಾಗುವುದಿಲ್ಲ. ಆ ಹುಡುಗನ ಶ್ರವಣಪರೀಕ್ಷೆಯ ನಕ್ಷೆಯಲ್ಲಿ ಸರಿಯಾಗಿ ಅಲ್ಲಿಯೇ ಗೆರೆ ಕೆಳಗೆ ಕುಸಿದಿತ್ತು.

ರೈಲುಹಳಿಯ ಅಪಾಯವನ್ನು ಬೇರೆಯಾಗಿ ಹೇಳಲೇಬೇಕು. ಕಿವಿಯನ್ನು ಮುಚ್ಚಿಕೊಂಡು ಹಳಿ ದಾಟುವವನಿಗೆ ಗಾಡಿಯ ಶೀಟಿಯೂ ಕೇಳುವುದಿಲ್ಲ, ಪ್ಲಾಟ್‌ಫಾರ್ಮಿನಿಂದ ಕೂಗಿದವರ ಧ್ವನಿಯೂ ಕೇಳುವುದಿಲ್ಲ. 1989ರ ರೈಲ್ವೆ ಕಾಯಿದೆಯ 147ನೆಯ ಕಲಮಿನಂತೆ ಹಳಿ ದಾಟುವುದು ಅಪರಾಧ. ಅದಕ್ಕಿಂತ ಮೊದಲು ಅದು ಪ್ರಾಣದ ಪ್ರಶ್ನೆ.

ಮನೆಯವರು ಏನು ಮಾಡಬೇಕು?

ಮೊದಲನೆಯದಾಗಿ, ಇಯರ್‌ಫೋನನ್ನು ಕಸಿದುಕೊಳ್ಳಬೇಡಿ, ಬಚ್ಚಿಡಬೇಡಿ. ಊರುಗೋಲನ್ನು ಕಸಿದುಕೊಂಡರೆ ಕಾಲಿನ ನೋವು ವಾಸಿಯಾಗುವುದಿಲ್ಲ. ಬದಲಿಗೆ, "ಏನು ಕೇಳುತ್ತಿದ್ದೀ? ನನಗೂ ಸ್ವಲ್ಪ ಕೇಳಿಸು" ಎಂದು ಹತ್ತಿರ ಕುಳಿತುಕೊಳ್ಳಿ. ಉತ್ಸಾಹದಿಂದ ಹಾಡಿನ ಹೆಸರು ಹೇಳುವ ಮಗನ ಬಗ್ಗೆ ಹೆಚ್ಚಿನ ಚಿಂತೆ ಬೇಡ. ಏನು ಕೇಳುತ್ತಿದ್ದೇನೆಂದೇ ತಿಳಿಯದವನ ಬಗ್ಗೆ ಚಿಂತಿಸಿ.

ಎರಡನೆಯದಾಗಿ, ಒಂದು ವಾರದ ಪರೀಕ್ಷೆಯನ್ನು ಮನೆಯವರೆಲ್ಲರೂ ಕೂಡಿ ಮಾಡಬಹುದು. ಊಟದ ಹೊತ್ತು ಹಾಗೂ ಮಲಗುವ ಮುನ್ನ ಅರ್ಧ ಗಂಟೆ ಮನೆಯಲ್ಲಿ ಯಾರೂ ಇಯರ್‌ಫೋನ್ ಧರಿಸಬಾರದು. ತಂದೆಯ ಮೊಬೈಲಿಗೂ ತಾಯಿಯ ಧಾರಾವಾಹಿಗೂ ಅದೇ ನಿಯಮ. ಬೇಸರವಾದರೂ ನಿಭಾಯಿಸಲು ಸಾಧ್ಯವಾದರೆ ಅದು ಅಭ್ಯಾಸ. ಬೆವರಿ, ಬೆದರಿ, ಎದ್ದು ಹೋಗುವಂತಾದರೆ ಆ ನಿಶ್ಶಬ್ದದಲ್ಲಿ ಏನಿದೆಯೆಂಬುದನ್ನು ವಿಚಾರಿಸಬೇಕು.

ಮೂರನೆಯದಾಗಿ, ಸದ್ದನ್ನು ಯಂತ್ರದ ಗರಿಷ್ಠ ಮಿತಿಯ ಶೇಕಡಾ 60ಕ್ಕಿಂತ ಕೆಳಗೆ ಇಡಿ. ಇಯರ್‌ಫೋನಿನೊಂದಿಗೆ ಮಲಗಬೇಡಿ. ಕಿವಿಯಲ್ಲಿ ಗುಂಯ್‌ಗುಡುವಿಕೆ ಕಂಡರೆ, ಟಿ.ವಿ.ಯ ಸದ್ದನ್ನು ಪದೇ ಪದೇ ಏರಿಸಬೇಕಾದರೆ, ಕಿವಿಯ ತಜ್ಞರಲ್ಲಿ ಶ್ರವಣಪರೀಕ್ಷೆಯನ್ನು ಮಾಡಿಸಿ.

ನಾಲ್ಕನೆಯದಾಗಿ, ನಿದ್ದೆ, ಊಟ, ಕೆಲಸಗಳು ಕೆಟ್ಟಿದ್ದರೆ ಸಂಕೋಚಪಡದೆ ಮನೋವೈದ್ಯರ ಬಳಿಗೆ ಹೋಗಿ. 1901ರಲ್ಲಿ ಸ್ಥಾಪನೆಯಾದ ಪ್ರಾದೇಶಿಕ ಮನೋರೋಗ ಆಸ್ಪತ್ರೆ ನಮ್ಮ ಥಾಣೆಯಲ್ಲಿಯೇ ಇದೆ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಆರಂಭಿಸಿದ 'ಟೆಲಿ ಮಾನಸ್' ದೂರವಾಣಿ ಸೇವೆ 14416ರಲ್ಲಿ ಹಗಲಿರುಳೂ ಉಚಿತವಾಗಿ ದೊರೆಯುತ್ತದೆ. ಭಾರತದ ಹಲವು ಭಾಷೆಗಳಲ್ಲಿ ನಡೆಯುವ ಈ ಸೇವೆಯಲ್ಲಿ ಕನ್ನಡವೂ ಸೇರಿದೆ. ಮೊಬೈಲು, ಅಂತರ್ಜಾಲಗಳ ಅತಿಬಳಕೆಗೆಂದೇ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2014ರಲ್ಲಿ ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆಯಿತು. ಇಂಥ ತೊಂದರೆ ನಿಮ್ಮ ಮನೆಗೆ ಮಾತ್ರ ಬಂದದ್ದಲ್ಲವೆಂಬುದಕ್ಕೆ ಅದೇ ಸಾಕ್ಷಿ.

ಕೊನೆಯ ಮಾತು

ಆ ಹುಡುಗ ಮನೋವೈದ್ಯರನ್ನು ಕಂಡ. ತಂದೆಯ ಕೊನೆಯ ದಿನಗಳ ಬಗ್ಗೆ ತಾಯಿಯೂ ಮಗನೂ ಮೊದಲ ಬಾರಿಗೆ ಕೂಡಿ ಕುಳಿತು ಮಾತನಾಡಿದ್ದು ಅಲ್ಲಿಯೇ. ಕೆಲವು ತಿಂಗಳಲ್ಲಿ ನಿದ್ದೆ ಮರಳಿತು. ಹಗಲು ಪಾಳಿಗೆ ವರ್ಗ ಮಾಡಿಸಿಕೊಂಡ. ಈಗ ಬೆಳಿಗ್ಗೆ ಥಾಣೆಯವರೆಗೆ ಭಜನೆಯವರಿರುವ ಡಬ್ಬಿಯಲ್ಲಿಯೇ ಹೋಗುತ್ತಾನೆ. ಹಾಡುವುದಿಲ್ಲ, ಬಾಗಿಲ ಬಳಿ ನಿಂತು ಕೇಳುತ್ತಾನೆ.

ಕಳೆದ ಸಲ ಬಂದಾಗ ಅವನು ಹೇಳಿದ: "ಢೋಲಕಿ ಚೆನ್ನಾಗಿ ಕೇಳುತ್ತದೆ ಡಾಕ್ಟ್ರೇ. ತಾಳ ಮಾತ್ರ ಅರಿವೆ ಸುತ್ತಿ ಬಾರಿಸಿದ ಹಾಗೆ ಕೇಳುತ್ತದೆ." ಎತ್ತರದ ಆ ಕಿಣಿಕಿಣಿ ನಾದ ಅವನಿಗೆ ಇನ್ನು ಮರಳಿ ಸಿಗಲಾರದು. ನಾನು ನಗುತ್ತ ಕಳೆದುಬಿಟ್ಟ ಎಂಟು ತಿಂಗಳಿಗೂ ಆ ನಷ್ಟದಲ್ಲಿ ಪಾಲಿದೆ.

ಸಂಗೀತ ವ್ಯಸನವಾಗಬಲ್ಲದೆ ಎಂದು ಇಂದು ಯಾರಾದರೂ ತಾಯಿ ಕೇಳಿದರೆ, "ಸಂಗೀತವು ಮದ್ಯದಂತೆ ಮನುಷ್ಯನನ್ನು ಹಿಡಿಯುವುದಿಲ್ಲ ಅಮ್ಮಾ, ಆದರೆ ನೊಂದ ಮನುಷ್ಯನು ಸಂಗೀತವನ್ನು ಬಿಡಲಾರದಂತೆ ಹಿಡಿದುಕೊಳ್ಳುವುದುಂಟು" ಎನ್ನುತ್ತೇನೆ. ಆಮೇಲೆ ಅವರನ್ನು ಕಳುಹಿಸದೆ, "ಮನೆಯಲ್ಲಿ ಎಲ್ಲರೂ ಹೇಗಿದ್ದೀರಿ?" ಎಂದು ಕೇಳಿ, ಅವರು ಹೇಳಿ ಮುಗಿಸುವವರೆಗೆ ಕಾಯುತ್ತೇನೆ.